ತಂಗಡಿ ಗಿಡ ಬಾಡ್ತಿದೆಯಾ? ನೀರಿನ ಬಕೆಟ್ ಕೆಳಗಿಟ್ಟು ಮೊದಲು ಇದನ್ನ ನೋಡಿ

ಶಿರಾದಿಂದ ಹಿರಿಯೂರು ಕಡೆ ಹೋಗ್ತಾ ಹೈವೇ ಪಕ್ಕದಲ್ಲಿ, ಕಲ್ಲುಗುಡ್ಡದ ಬುಡದಲ್ಲಿ, ಕೆರೆ ಏರಿ ಮೇಲೆ, ಬೇರೆಲ್ಲಾ ಒಣಗಿ ಬೂದಿ ಬಣ್ಣಕ್ಕೆ ತಿರುಗಿದ್ರೂ ಹಳದಿ ಹೂವಿನ ಗೊಂಚಲು ಹೊತ್ಕೊಂಡು ನಿಂತಿರತ್ತಲ್ಲ, ಅದೇ ತಂಗಡಿ. ಕೆಲವು ಕಡೆ ಆವರಿಕೆ ಅಂತಾರೆ, ಸಸ್ಯಶಾಸ್ತ್ರದಲ್ಲಿ ಸೆನ್ನಾ ಆರಿಕ್ಯುಲೇಟಾ. ತೆಲುಗಿನೋರಿಗೆ ತಂಗೇಡು, ತೆಲಂಗಾಣದ ರಾಜ್ಯ ಹೂವು, ಬತುಕಮ್ಮ ಹಬ್ಬದ ಹೂವಿನ ಗೋಪುರ ಜೋಡಿಸೋಕೆ ಅದು ಬೇಕೇ ಬೇಕು. ನಮ್ಮೂರಲ್ಲಿ ದೀಪಾವಳಿ ದಿನ ಸಗಣಿ ಬೆನಕನಿಗೆ ಸಿಕ್ಕಿಸೋದೂ ಈ ಹೂವನ್ನೇ, ಅದಕ್ಕೆ ನಂಗೆ ಬೆಂಗಳೂರಲ್ಲಿ ಮನೆ ಕಟ್ಟಿದ ಮೇಲೆ ಗೇಟ್ ಪಕ್ಕ ಒಂದು ತಂಗಡಿ ಇರ್ಲೇಬೇಕು ಅಂತ ಆಸೆ.

ಮೂರು ಗಿಡ ಸತ್ತೋದ್ವು. ನಾಲ್ಕನೇದು ಈಗ ನನ್ನ ಎತ್ತರಕ್ಕೆ ಬಂದಿದೆ. ಈ ನಡುವೆ ಅಕ್ಕಪಕ್ಕದ ಮನೆಯೋರು, ನೆಂಟರು ಫೋಟೋ ಕಳಿಸಿ "ಇದಕ್ಕೇನಾಗಿದೆ ನೋಡಿ" ಅಂತ ಕೇಳೋದು ಶುರುವಾಯ್ತು, ಕೇಳ್ತಾ ಕೇಳ್ತಾ ಒಂದು ವಿಷಯ ಗಟ್ಟಿಯಾಯ್ತು: ಈ ಗಿಡಕ್ಕೆ ಬರೋ ತೊಂದ್ರೆ ಹತ್ತರಲ್ಲಿ ಎಂಟು ನಾವು ಜಾಸ್ತಿ ಕೊಟ್ಟಿದ್ರಿಂದ ಬರತ್ತೆ, ಕಮ್ಮಿ ಕೊಟ್ಟಿದ್ರಿಂದ ಅಲ್ಲ. ನೀರು ಜಾಸ್ತಿ, ಗೊಬ್ಬರ ಜಾಸ್ತಿ, ನೆರಳು ಜಾಸ್ತಿ. ಹಾಗಾಗಿ ಲಕ್ಷಣ ಏನೇ ಇರ್ಲಿ, ಪತ್ತೆ ಹಚ್ಚೋಕೆ ಮುಂಚೆ ಏನನ್ನೂ ಹಾಕ್ಬೇಡಿ, ಎರಡು ದಿನ ಸುಮ್ನಿರಿ, ಎರಡು ದಿನ ನೀರಿಲ್ದೆ ತಂಗಡಿ ಸಾಯಲ್ಲ.

ಬಾಡಿದೆಯಾ, ಇಲ್ಲಾ ಎಲೆ ಮುಚ್ಕೊಂಡಿದೆಯಾ

ಮೊದಲ ಸಲ ಬೆಳೆಸೋರು ಹೆದರೋದು ಇದಕ್ಕೇ. ಆಫೀಸಿಂದ ಬಂದು ಸಂಜೆ ಏಳು ಗಂಟೆಗೆ ನೋಡ್ತಾರೆ, ಎಲೆಗಳೆಲ್ಲ ಜೋಡಿ ಜೋಡಿ ಮಡಚ್ಕೊಂಡು ಜೋತುಬಿದ್ದಿರತ್ತೆ, ಅಯ್ಯೋ ಬಾಡೋಯ್ತು ಅಂತ ಎರಡು ಚೊಂಬು ನೀರು ಸುರೀತಾರೆ. ಬೆಳಗ್ಗೆ ಎದ್ದು ನೋಡಿದ್ರೆ ಗಿಡ ಚೆನ್ನಾಗಿರತ್ತೆ, ನೀರು ಹಾಕಿದ್ಕೇ ಸರಿ ಹೋಯ್ತು ಅನ್ಕೊಂಡು ದಿನಾ ಸಂಜೆ ಅದನ್ನೇ ಮಾಡ್ತಾರೆ, ಮೂರು ವಾರಕ್ಕೆ ಬೇರು ಕೊಳೆಯೋಕೆ ಶುರುವಾಗತ್ತೆ. ತಂಗಡಿ ಎಲೆ ಕತ್ತಲಾದ್ರೆ ಮುಚ್ಕೊಳತ್ತೆ, ಹುಣಸೆ ಎಲೆ ಮುಚ್ಕೊಳಲ್ವಾ ಹಾಗೆ. ಉರಿ ಬಿಸಿಲಿನ ಮಧ್ಯಾಹ್ನದಲ್ಲೂ ಸ್ವಲ್ಪ ಮಡಚಿ ಬಿಸಿಲಿಂದ ತಪ್ಪಿಸ್ಕೊಳತ್ತೆ.

ಅದಕ್ಕೆ ಗಿಡ ನೋಡೋ ಹೊತ್ತು ಬೆಳಗ್ಗೆ ಏಳರಿಂದ ಎಂಟು. ಆ ಹೊತ್ತಲ್ಲಿ ಎಲೆ ಪೂರ್ತಿ ಬಿಚ್ಕೊಂಡು ಅಗಲವಾಗಿದ್ರೆ ಏನೂ ತೊಂದ್ರೆ ಇಲ್ಲ. ಆಗ್ಲೂ ತುದಿ ಕೊಂಬೆ ಸಮೇತ ಜೋತುಬಿದ್ದಿದ್ರೆ ಮಾತ್ರ ಅದು ನಿಜವಾದ ಬಾಡು, ಮುಂದೆ ಓದಿ.

ಮಣ್ಣು ಒದ್ದೆ, ಗಿಡ ಬಾಡು

ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ನನ್ನ ಮೂರರಲ್ಲಿ ಎರಡು ಗಿಡ ಹೋಗಿದ್ದು ಇದ್ರಿಂದ, ಮತ್ತೆ ಇದು ನೋಡೋಕೆ ಥೇಟ್ ನೀರಿಲ್ದೆ ಬಾಡಿದ ಹಾಗೇ ಕಾಣತ್ತೆ.

ಬಾಡಿದ ಗಿಡದ ಬುಡದಿಂದ ಒಂದು ಗೇಣು ದೂರದಲ್ಲಿ ಕಬ್ಬಿಣದ ಸರಳೋ, ಹಳೇ ಸ್ಕ್ರೂಡ್ರೈವರೋ ತಗೊಂಡು ಆರು ಇಂಚು ಚುಚ್ಚಿ, ಆ ತೂತಿಗೆ ಬೆರಳು ಹಾಕಿ. ಮೇಲಿನ ಒಂದಿಂಚು ಮಣ್ಣನ್ನ ನಂಬ್ಬೇಡಿ, ಬೆಂಗಳೂರಿನ ಗಾಳಿಗೆ ಅದು ಅರ್ಧ ದಿನದಲ್ಲಿ ಒಣಗಿ ಬಿರುಕು ಬಿಟ್ಟಿರತ್ತೆ, ಕೆಳಗೆ ಮಾತ್ರ ರೊಚ್ಚೆ ಇರತ್ತೆ. ಬೆರಳಿಗೆ ತಣ್ಣಗೆ ಅಂಟಂಟು ಮಣ್ಣು ಸಿಕ್ರೆ, ಮೇಲೆ ಗಿಡ ಬಾಡಿದ್ರೆ, ಬೇರು ಉಸಿರುಕಟ್ಟಿದೆ ಅಂತಲೇ ಅರ್ಥ. ನೀರು ಸುತ್ತ ಇದೆ, ಕುಡಿಯೋ ಬೇರು ಸತ್ತಿದೆ.

ನನ್ನ ಎರಡನೇ ಗಿಡ ಹೀಗೇ ಆಯ್ತು. ಆಗಸ್ಟಲ್ಲಿ ಒಂದು ವಾರ ಬಿಡದೆ ಮಳೆ, ಆಮೇಲೆ ಎರಡು ದಿನ ಬಿಸಿಲು, ಮೂರನೇ ದಿನ ಬೆಳಗ್ಗೆ ಗಿಡ ತಲೆ ಬಗ್ಗಿಸ್ಕೊಂಡು ನಿಂತಿತ್ತು. ನಾನು ಬಿಸಿಲಿಗೆ ಬಾಯಾರಿದೆ ಅನ್ಕೊಂಡು ನೀರು ಹಾಕ್ದೆ. ಊರಿಂದ ಬಂದಿದ್ದ ಅಮ್ಮ ಬಾಗಿಲಲ್ಲೇ ನಿಂತು "ಅದಕ್ಕೆ ಯಾರಾದ್ರೂ ನೀರ್ ಹಾಕ್ತಾರೇನೋ, ಬೀಳ್ ಜಮೀನಲ್ಲಿ ಬೆಳೆಯೋ ಗಿಡ" ಅಂದ್ರು. ಐದನೇ ದಿನಕ್ಕೆ ಕಿತ್ತು ನೋಡ್ದೆ. ತಾಯಿಬೇರಿನ ಮೇಲಿನ ಸಿಪ್ಪೆಯನ್ನ ಎರಡು ಬೆರಳಲ್ಲಿ ಹಿಡಿದು ಎಳೆದ್ರೆ ಕಾಲುಚೀಲ ಕಳಚಿದ ಹಾಗೆ ಪೂರ್ತಿ ಬಂದ್ಬಿಡ್ತು, ಒಳಗೆ ಬರೀ ಕಂದು ಬಣ್ಣದ ದಾರದ ಹಾಗೆ ಉಳ್ಕೊಂಡಿತ್ತು, ಮೋರಿ ವಾಸನೆ. ಆರೋಗ್ಯವಾಗಿರೋ ತಂಗಡಿ ಬೇರಿನ ಸಿಪ್ಪೆ ಹಾಗೆ ಬರಲ್ಲ, ಉಗುರಲ್ಲಿ ಕೆರೆದ್ರೆ ಗಟ್ಟಿಯಾಗಿ, ಒಳಗೆ ತಿಳಿ ಬಣ್ಣಕ್ಕೆ ಇರತ್ತೆ. ಅದೇ ಪರೀಕ್ಷೆ, ಸಿಪ್ಪೆ ಜಾರತ್ತಾ ಇಲ್ವಾ, ವಾಸನೆ ಇದೆಯಾ ಇಲ್ವಾ. ಸಿಪ್ಪೆ ಜಾರಿದ್ರೆ ಆ ಗಿಡ ಉಳಿಯಲ್ಲ, ಔಷಧಿ ಅಂಗಡಿಗೆ ದುಡ್ಡು ಕೊಡೋಕೆ ಹೋಗ್ಬೇಡಿ.

ಆಮೇಲೆ ಗುಂಡಿಯನ್ನ ಇನ್ನೂ ಆಳಕ್ಕೆ ಅಗೆದಾಗ ಗೊತ್ತಾಯ್ತು ಕಾರಣ. ಮೇಲೆ ಒಂದೂವರೆ ಅಡಿ ಲೋಡ್‌ನಲ್ಲಿ ತರಿಸಿದ ಕೆಂಪು ಮಣ್ಣು, ಅದರ ಕೆಳಗೆ ಮನೆ ಕಟ್ಟೋವಾಗ ಉಳಿದಿದ್ದ ಗಾರೆ, ಟೈಲ್ಸ್ ಚೂರು, ಕಾಂಕ್ರೀಟ್ ಮಿಕ್ಸ್ ತೊಳೆದ ನೀರು ಇಳಿದು ಕಲ್ಲಿನ ಹಾಗೆ ಗಟ್ಟಿಯಾದ ಪದರ. ತಟ್ಟೇಲಿ ಮಣ್ಣು ಹಾಕಿ ಗಿಡ ನೆಟ್ಟ ಹಾಗೆ. ನಗರದ ಸೈಟುಗಳಲ್ಲಿ ಇದು ತುಂಬಾ ಸಾಮಾನ್ಯ, ಮೇಲಿಂದ ನೋಡಿದ್ರೆ ಗೊತ್ತೇ ಆಗಲ್ಲ. ಇನ್ನೊಂದು ಲೆಕ್ಕಾನೂ ಇದೆ, ಬೆಂಗಳೂರಿನ ವರ್ಷದ ಮಳೆ ಸರಾಸರಿ 900 ಮಿಲಿಮೀಟರ್‌ಗೂ ಮೇಲೆ, ತಂಗಡಿ ತಾನಾಗೇ ಬೆಳೆಯೋ ಚಳ್ಳಕೆರೆ ಸೀಮೇಲಿ ಸುಮಾರು ಅದರ ಅರ್ಧ. ಅಲ್ಲಿ ಜಲ್ಲಿಕಲ್ಲಿನ ಇಳಿಜಾರಲ್ಲಿ ಬಿದ್ದ ನೀರು ಹರಿದು ಹೋಗತ್ತೆ, ಇಲ್ಲಿ ಕಾಂಪೌಂಡ್ ಗೋಡೆ ಒಳಗೆ ನಿಲ್ಲತ್ತೆ. ಅಂದ್ರೆ ಬೆಂಗಳೂರಲ್ಲಿ ತಂಗಡಿಗೆ ಮಳೆನೀರೇ ಹೆಚ್ಚು, ಅದರ ಮೇಲೆ ನಮ್ಮ ಪೈಪ್ ನೀರು ಬೇರೆ.

ಜಾಗ ಸರಿ ಇದೆಯಾ ಅಂತ ನೋಡೋದು ಹೀಗೆ. ಒಂದಡಿ ಅಗಲ ಒಂದಡಿ ಆಳದ ಗುಂಡಿ ತೋಡಿ, ತುಂಬ ನೀರು ಹಾಕಿ, ಪೂರ್ತಿ ಇಳಿಯೋಕೆ ಬಿಡಿ. ಆಮೇಲೆ ಮತ್ತೆ ತುಂಬಿಸಿ ಒಂದು ಕಡ್ಡಿ ನಿಲ್ಲಿಸಿ ಗುರುತು ಹಾಕಿ. ಎರಡನೇ ಸಲದ ನೀರು ಗಂಟೆಗೆ ಒಂದಿಂಚಿಗಿಂತ ಕಮ್ಮಿ ಇಳೀತಿದ್ರೆ ಆ ಜಾಗದಲ್ಲಿ ಗುಂಡಿ ತೋಡಿ ನೆಡಬೇಡಿ. ಮೊದಲ ಸಲದ ಲೆಕ್ಕ ಹಿಡೀಬೇಡಿ, ಒಣ ಮಣ್ಣು ಮೊದಲ ಸಲ ಯಾವಾಗ್ಲೂ ಗಟಗಟ ಕುಡಿಯತ್ತೆ.

ನೀರು ಇಳಿಯದ ಜಾಗಕ್ಕೆ ಮದ್ದು ದಿಬ್ಬ. ನೆಲದ ಮೇಲೆ ಒಂದೂವರೆ ಅಡಿ ಎತ್ತರ, ಮೂರು ಅಡಿ ಅಗಲ ಗುಡ್ಡೆ ಮಾಡಿ, ಕೆಂಪು ಮಣ್ಣು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಒಂದೆರಡು ಬೊಗಸೆ ಹಳೇ ಗೊಬ್ಬರ, ಅಷ್ಟೇ. ಮರಳು ಅಂತ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹಾಕೋದಾದ್ರೆ ಜರಡಿ ಹಿಡಿದು ಧೂಳು ತೆಗೆದು ಹಾಕಿ, ಧೂಳು ಸೇರಿದ್ರೆ ಮಣ್ಣು ಇನ್ನೂ ಗಚ್ಚಿನ ಹಾಗೆ ಕೂರತ್ತೆ, ಇದನ್ನ ನಾನು ಮಾಡಿ ನೋಡಿದೀನಿ. ಆಗೋದಾದ್ರೆ ಕೆಳಗಿನ ಗಾರೆ ಪದರವನ್ನ ಹಾರೆಯಲ್ಲಿ ಒಡೆದು ಆಮೇಲೆ ದಿಬ್ಬ ಮಾಡಿ, ತಾಯಿಬೇರು ಕೆಳಗಿಳಿಯೋಕೆ ದಾರಿ ಸಿಗತ್ತೆ.

ಗಿಡ ಬಾಡಿದೆ ಆದ್ರೆ ಸಿಪ್ಪೆ ಇನ್ನೂ ಜಾರಿಲ್ಲ ಅಂದ್ರೆ ಉಳಿಸ್ಬಹುದು. ಬುಡದ ಸುತ್ತ ಹಾಕಿರೋ ಒಣಎಲೆ, ತೆಂಗಿನ ನಾರು ಎಲ್ಲಾ ತೆಗೀರಿ, ಕಾಂಡದ ಬುಡ ಗಾಳಿಗೆ ಕಾಣೋ ಹಾಗೆ ಮೇಲಿನ ಮಣ್ಣು ಎರಡಿಂಚು ಸರಿಸಿ, ಮೇಲಿನ ಕೊಂಬೆ ಮೂರರಲ್ಲಿ ಒಂದು ಭಾಗ ಕತ್ತರಿಸಿ, ಪಕ್ಕದಲ್ಲಿ ನೀರು ಹರಿದು ಹೋಗೋಕೆ ಒಂದು ಕಾಲುವೆ ತೆಗೆದು, ಹದಿನೈದು ದಿನ ಒಂದು ಹನಿ ನೀರು ಕೂಡ ಹಾಕ್ಬೇಡಿ. ಹೊಸ ಚಿಗುರು ಕಂಡ್ರೆ ಗೆದ್ದ ಹಾಗೆ. ಸತ್ತೇ ಹೋಯ್ತು ಅಂದ್ರೆ ಅದೇ ಗುಂಡಿಗೆ ಇನ್ನೊಂದು ತಂಗಡಿ ಇಡ್ಬೇಡಿ, ಜಾಗ ಬದಲಾಯಿಸಿ.

ಪಾಟ್‌ನಲ್ಲಿ ಇಟ್ಟಿರೋರು ಮೊದಲು ಕೆಳಗಿನ ತಟ್ಟೆ ತೆಗೆದುಬಿಡಿ. ಆಮೇಲೆ ತೂತಿಗೆ ಕಡ್ಡಿ ಹಾಕಿ ನೋಡಿ, ಬೇರೋ ಮಣ್ಣೋ ಮುಚ್ಕೊಂಡಿರತ್ತೆ. 12 ಇಂಚಿನ ಪಾಟ್ ಒಂದು ವರ್ಷಕ್ಕೆ ಸಾಕು, ಆಮೇಲೆ 18 ಇಂಚಿಗಾದ್ರೂ ಹಾಕ್ಬೇಕು.

ಮಣ್ಣು ಒಣ, ಗಿಡ ಬಾಡು

ಇದು ಅಪರೂಪ, ಮತ್ತೆ ಬರೋದು ನೆಟ್ಟು ವರ್ಷ ತುಂಬದ ಗಿಡಕ್ಕೆ. ಬರ ತಡ್ಕೊಳತ್ತೆ ಅನ್ನೋದು ತಾಯಿಬೇರು ಆಳಕ್ಕೆ ಇಳಿದ ಮೇಲಿನ ಮಾತು, ಅಲ್ಲಿವರೆಗೂ ಅದೂ ಮಗೂನೇ. ಮೊದಲನೇ ಬೇಸಿಗೇಲಿ ವಾರಕ್ಕೋ ಹತ್ತು ದಿನಕ್ಕೋ ಒಂದ್ಸಲ ಒಂದು ಬಕೆಟ್ ನಿಧಾನವಾಗಿ ಇಂಗೋ ಹಾಗೆ ಹಾಕಿ. ದಿನಾ ಒಂದೊಂದು ಮಗ್ ಹಾಕಿದ್ರೆ ಬೇರು ಮೇಲೇ ಉಳ್ಕೊಳತ್ತೆ, ಕೆಳಗೆ ಹೋಗೋ ಗರಜೇ ಬೀಳಲ್ಲ ಅದಕ್ಕೆ. ಎರಡನೇ ವರ್ಷದಿಂದ ನಾನು ಏಪ್ರಿಲ್ ಮೇನಲ್ಲಿ ಒಂದೆರಡು ಸಲ ಬಿಟ್ರೆ ಹಾಕೋದೇ ಇಲ್ಲ.

ಎಲೆ ಹಳದಿ: ಯಾವ ಎಲೆ ಅಂತ ಮೊದಲು ನೋಡಿ

ಎಲೆ ಹಳದಿ ಆಗಿದೆ ಅಂತ ಬರೀ ಫೋಟೋ ಕಳಿಸಿದ್ರೆ ಏನೂ ಹೇಳೋಕಾಗಲ್ಲ. ಕೆಳಗಿನ ಹಳೇ ಎಲೆನಾ, ತುದಿಯ ಹೊಸ ಎಲೆನಾ, ಅದರಲ್ಲೇ ಅರ್ಧ ಉತ್ತರ ಇದೆ.

ಫೆಬ್ರವರಿ ಮಾರ್ಚಲ್ಲಿ ಕೆಳಗಿನ ಹಳೇ ಎಲೆ ಹಳದಿಯಾಗಿ ಉದುರಿದ್ರೆ, ಮಣ್ಣು ಒಣಗಿದ್ರೆ, ಅದು ಗಿಡ ತಾನೇ ಭಾರ ಇಳಿಸ್ಕೊಳ್ತಾ ಇರೋದು. ಬಿಟ್ಬಿಡಿ. ಮಳೆಗಾಲದಲ್ಲಿ ಅದೇ ಕೆಳಗಿನ ಎಲೆ ಮಂಕು ಹಳದಿಗೆ ತಿರುಗಿ ಮುಟ್ಟಿದ್ರೆ ಉದುರ್ತಿದ್ರೆ ಮೇಲೆ ಹೇಳಿದ ಒದ್ದೆ ಬೇರಿನ ಕತೆಯ ಮೊದಲ ಅಧ್ಯಾಯ ಅದು, ಬಾಡೋಕೆ ಇನ್ನೂ ವಾರ ಹತ್ತು ದಿನ ಇರತ್ತೆ, ಅಷ್ಟರಲ್ಲಿ ನೀರಿಗೆ ದಾರಿ ಮಾಡಿ.

ತುದಿಯ ಹೊಸ ಎಲೆ ಹಳದಿ, ನರ ಮಾತ್ರ ಹಸಿರು, ಬಲೆ ಬರೆದ ಹಾಗೆ ಕಾಣ್ತಿದೆ ಅಂದ್ರೆ ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ನಮ್ಮ ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ್ದು. ಸಿಮೆಂಟ್ ಸುಣ್ಣ ಸೇರಿ ಮಣ್ಣು ಕ್ಷಾರ ಆದ್ರೆ ಬೇರಿಗೆ ಅದನ್ನ ಎಳ್ಕೊಳೋಕೆ ಆಗಲ್ಲ. ಒಂದು ಚಮಚ ಒಣ ಮಣ್ಣಿನ ಮೇಲೆ ವಿನಿಗರ್ ಹಾಕಿ ಕಿವಿ ಹತ್ರ ಹಿಡೀರಿ, ಚುರುಚುರು ಅಂತ ನೊರೆ ಬಂದ್ರೆ ಗಾರೆ ಸೇರಿದೆ ಅಂತಲೇ. ಗಟ್ಟಿ ಬೋರ್‌ವೆಲ್ ನೀರನ್ನ ವರ್ಷಗಟ್ಟಲೆ ಹಾಕಿದ್ರೂ ಹೀಗಾಗತ್ತೆ, ಪಾಟ್‌ನ ಅಂಚಲ್ಲಿ ಬಿಳಿ ಪಟ್ಟೆ ಕಟ್ಟಿರತ್ತೆ ನೋಡಿ. ತಕ್ಷಣಕ್ಕೆ ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಅರ್ಧ ನಿಂಬೆಹಣ್ಣಿನ ರಸ ಕಲಸಿ ಸಂಜೆ ಹೊತ್ತು ಎಲೆಗೆ ಸ್ಪ್ರೇ ಮಾಡಿ, ಹತ್ತು ದಿನ ಬಿಟ್ಟು ಇನ್ನೊಂದ್ಸಲ. ಬಿಳಿ ಗೋಡೆ, ಟೈಲ್ಸ್ ಮೇಲೆ ಬೀಳದ ಹಾಗೆ ನೋಡ್ಕೊಳಿ, ತುಕ್ಕಿನ ಕಲೆ ಹೋಗಲ್ಲ. ಇದು ಎಲೆಗೆ ಮಾತ್ರ ಉಪಶಮನ. ಬುಡಕ್ಕೆ ಬೇಕಾಗಿರೋದು ಗಾರೆ ಇಲ್ಲದ ಮಣ್ಣು, ಮಳೆನೀರು, ಸ್ವಲ್ಪ ಕಾಂಪೋಸ್ಟ್.

ಒಬ್ಬರು ಬೇರು ಅಗೆದು ನೋಡಿ "ಅವರೆ ತೊಗರಿ ಜಾತಿ ಗಿಡ ಅಂತಾರೆ, ಬೇರಲ್ಲಿ ಗಂಟೇ ಇಲ್ಲ, ಅದಕ್ಕೆ ಹಳದಿ ಆಗಿರ್ಬೇಕು" ಅಂದಿದ್ರು. ಆ ಕುಟುಂಬದ್ದೇ ನಿಜ, ಆದ್ರೆ ಸೆನ್ನಾ ಗುಂಪಿನ ಗಿಡಗಳು ಸಾಮಾನ್ಯವಾಗಿ ಬೇರಲ್ಲಿ ಗಾಳಿಯ ಸಾರಜನಕ ಹಿಡಿಯೋ ಗಂಟು ಕಟ್ಟಲ್ಲ. ಗಂಟಿಲ್ಲದೆ ಇರೋದು ದೋಷ ಅಲ್ಲ, ಅದಕ್ಕೆ ಅಂತ ಗಂಟು ಕಟ್ಟಿಸೋ ಬ್ಯಾಕ್ಟೀರಿಯಾದ ರೈಜೋಬಿಯಂ ಪ್ಯಾಕೆಟ್ ತರ್ಬೇಡಿ.

ಬೀಜ ಹಾಕಿ ತಿಂಗಳಾಯ್ತು, ಮೊಳಕೆ ಇಲ್ಲ

ಬೀಜ ಕೆಟ್ಟಿದೆ ಅಂತ ಎಸೀತಾರೆ, ಪಾಪ, ಬೀಜ ಚೆನ್ನಾಗೇ ಇರತ್ತೆ. ಮೇಲಿನ ಸಿಪ್ಪೆ ಅಷ್ಟು ಗಟ್ಟಿ, ನೀರು ಒಳಗೆ ಹೋಗೋದೇ ಇಲ್ಲ. ಒಂದು ಮಳೆಗೆ ನಂಬಿ ಎಲ್ಲಾ ಒಟ್ಟಿಗೆ ಮೊಳೆತು ಸಾಯ್ಬಾರ್ದು ಅಂತ ಗಿಡ ಮಾಡ್ಕೊಂಡಿರೋ ಏರ್ಪಾಡು ಅದು. ಕುದಿಸಿದ ನೀರನ್ನ ಒಲೆಯಿಂದ ಇಳಿಸಿ ಎರಡು ಮೂರು ನಿಮಿಷ ಬಿಟ್ಟು ಬೀಜದ ಮೇಲೆ ಸುರಿದು ರಾತ್ರಿಯೆಲ್ಲಾ ಬಿಡಿ. ಬೆಳಗ್ಗೆ ಉಬ್ಬಿ ಎರಡರಷ್ಟಾಗಿರೋ ಬೀಜ ತಕ್ಷಣ ಬಿತ್ತಿ. ಉಬ್ಬದೆ ಹಾಗೇ ಉಳಿದಿದ್ದನ್ನ ಒಂದೊಂದಾಗಿ ಎಮರಿ ಪೇಪರ್ ಮೇಲೆ ಒಂದು ಬದಿ ಉಜ್ಜಿ, ಮೊಳಕೆ ಬರೋ ಮೂತಿ ಕಡೆ ಉಜ್ಜಬೇಡಿ, ಅದರ ಎದುರು ಬದಿ. ಸ್ವಲ್ಪ ಬಣ್ಣ ಬದಲಾದ್ರೆ ಸಾಕು, ಮತ್ತೆ ಮಾಮೂಲಿ ನೀರಲ್ಲಿ ನೆನೆಹಾಕಿ. ಒಂದು ಸೆಂಟಿಮೀಟರ್ ಆಳ, ಬಿಸಿಲು ಬೀಳೋ ಜಾಗ, ವಾರ ಹತ್ತು ದಿನದಲ್ಲಿ ತಲೆ ಎತ್ತತ್ತೆ.

ಬೀಜದಲ್ಲಿ ಗುಂಡುಸೂಜಿ ತಲೆಯಷ್ಟು ದುಂಡಗಿನ ತೂತಿದ್ರೆ ಮಾತ್ರ ಅದು ಹುಳ ತಿಂದಿದ್ದು, ಹೆಸರುಕಾಳಿಗೆ ಹುಳ ಬೀಳಲ್ವಾ ಹಾಗೆ. ಅಂಥದ್ದು ನೀರಲ್ಲಿ ತೇಲತ್ತೆ, ತೆಗೆದು ಹಾಕಿ.

ಮೊಳಕೆ ಬಂದು ವಾರದೊಳಗೆ ಮಕಾಡೆ ಬಿದ್ರೆ, ನೆಲ ಮುಟ್ಟೋ ಜಾಗದಲ್ಲಿ ಕಾಂಡ ಕಂದಾಗಿ ದಾರದ ಹಾಗೆ ಸಣ್ಣ ಆಗಿದ್ರೆ, ಬುಡ ಕೊಳೆ ರೋಗ. ಬರೀ ಕೋಕೋಪೀಟ್‌ನಲ್ಲಿ ಬಿತ್ತಿ ಪ್ಲಾಸ್ಟಿಕ್ ಮುಚ್ಚಿ ಒಳಗಡೆ ಕಿಟಕಿ ಹತ್ರ ಇಟ್ಟಿದ್ರೆ ಗ್ಯಾರಂಟಿ ಬರತ್ತೆ. ಮರಳು ಜಾಸ್ತಿ ಇರೋ ಮಣ್ಣು, ಬಯಲು ಗಾಳಿ, ಮೇಲ್ಮಣ್ಣು ಒಣಗಿದ ಮೇಲೆ ಮುಂದಿನ ನೀರು, ಇಷ್ಟೇ ಇದಕ್ಕೆ ಔಷಧಿ.

ರಸ್ತೆ ಬದಿಯಿಂದ ಕಿತ್ತು ತಂದಿದ್ದು ನಾಲ್ಕೇ ದಿನಕ್ಕೆ ಒಣಗೋಯ್ತು

ನನ್ನ ಮೊದಲನೇ ಗಿಡ. ಮೊಣಕಾಲುದ್ದದ ಗಿಡ, ಕೆಳಗೆ ಬೇರು ಅದಕ್ಕಿಂತ ಉದ್ದ ಇರತ್ತೆ ಅಂತ ಆಗ ನಂಗೆ ಗೊತ್ತಿರ್ಲಿಲ್ಲ. ಗುದ್ದಲಿ ಹಾಕಿ ಎತ್ತಿದ್ರೆ ಟಕ್ ಅಂತ ಒಂದು ಸದ್ದು, ತಾಯಿಬೇರು ಅಲ್ಲೇ ಮುರೀತು. ಅದು ಮುರಿದ್ರೆ ಮುಗೀತು, ಎಷ್ಟು ನೆರಳಲ್ಲಿಟ್ರೂ ಎಷ್ಟು ಬೇರು ಬರಿಸೋ ಹಾರ್ಮೋನ್ ಪುಡಿ ಹಚ್ಚಿದ್ರೂ ನನ್ನ ಕೈಲಿ ಅದು ಉಳೀಲಿಲ್ಲ. ದಯವಿಟ್ಟು ಕಾಡಿಂದ, ಗೋಮಾಳದಿಂದ ಕೀಳಬೇಡಿ, ಅಲ್ಲಿ ಚೆನ್ನಾಗಿ ಬದುಕ್ತಿರೋ ಗಿಡಾನ ತಂದು ಸಾಯಿಸಿದ ಹಾಗೆ ಆಗತ್ತೆ. ಒಣಗಿದ ಕಾಯಿ ನಾಲ್ಕು ತನ್ನಿ, ಒಂದೊಂದರಲ್ಲೂ ಹತ್ತಾರು ಬೀಜ ಇರತ್ತೆ.

ಕವರ್‌ನಲ್ಲಿ ಸಸಿ ಮಾಡಿದ್ರೆ ಐದಾರು ವಾರದೊಳಗೆ ನೆಲಕ್ಕೆ ಹಾಕಿ. ತಡ ಆದ್ರೆ ಬೇರು ಕವರ್ ತಳದಲ್ಲಿ ಸುರುಳಿ ಸುತ್ಕೊಳತ್ತೆ, ಆ ಗಿಡ ಎರಡು ವರ್ಷ ಆದ್ಮೇಲೂ ಗಾಳಿಗೆ ಅಲ್ಲಾಡತ್ತೆ, ಬೇಸಿಗೆ ತಡ್ಕೊಳಲ್ಲ. ಗಾಳಿಗೆ ಬುಡದಿಂದಲೇ ವಾಲೋ ಗಿಡ ಕಂಡ್ರೆ ಕಾರಣ ಇದೇ ಇರತ್ತೆ.

ಎಲೆ ತಿಂದಿದೆ, ಔಷಧಿ ಹೊಡೀಲಾ?

ಬೇಡ. ಎಲೆ ಅಂಚಿಂದ ಒಳಗೆ ಕಚ್ಚಿದ ಹಾಗೆ ಹೋಗಿದ್ರೆ, ಕೆಳಗಿನ ಎಲೆ ಮೇಲೆ ಹಸಿರು ಹಿಕ್ಕೆ ಬಿದ್ದಿದ್ರೆ, ಎಲೆ ನಡುದಿಂಡಿನ ಉದ್ದಕ್ಕೆ ಅದೇ ಬಣ್ಣದ, ಕೂದಲಿಲ್ಲದ ನುಣುಪು ಹುಳ ಮಲಗಿರತ್ತೆ, ಪಕ್ಕೇಲಿ ತಿಳಿ ಬಿಳಿ ಗೆರೆ, ಗೆರೆ ಮೇಲೆ ಕಪ್ಪು ಚುಕ್ಕಿ. ಕಣ್ಣಿಟ್ಟು ಹುಡುಕದೆ ಕಾಣಲ್ಲ. ಅದು ಎಮಿಗ್ರಂಟ್ ಚಿಟ್ಟೆ ಮರಿ, ಬಿಳುಪು ಹಸಿರು ರೆಕ್ಕೆಯ ವೇಗವಾಗಿ ಹಾರೋ ಚಿಟ್ಟೆ. ಕಾಮನ್ ಗ್ರಾಸ್ ಯೆಲ್ಲೋ ಅನ್ನೋ ಸಣ್ಣ ಹಳದಿ ಚಿಟ್ಟೆಗೂ ಇದೇ ಗುಂಪಿನ ಗಿಡಗಳು ಬೇಕು. ಇದರ ಎಲೆ ಇಲ್ದಿದ್ರೆ ಮೊಟ್ಟೆ ಇಡೋಕೆ ಅವು ಬೇರೆ ತೋಟ ಹುಡುಕ್ಬೇಕು. ಅರ್ಧ ಗಿಡ ತಿಂದ್ರೂ ಮೂರು ವಾರದಲ್ಲಿ ಮತ್ತೆ ಚಿಗುರತ್ತೆ. ಒಂದಡಿಗಿಂತ ಸಣ್ಣ ಸಸಿ ಆದ್ರೆ ಮಾತ್ರ ಹುಳಾನ ಕೈಲಿ ಎತ್ತಿ ದೊಡ್ಡ ಗಿಡಕ್ಕೆ ಬಿಡಿ.

ಬಿಳಿ ಹತ್ತಿ ಅಂಟಿದ ಹಾಗಿದ್ದು ಇರುವೆ ಓಡಾಡ್ತಿದ್ರೆ ಅದು ಬೇರೆ, ಹಿಟ್ಟು ತಿಗಣೆ. ಪೈಪ್‌ನ ನೀರು ಜೋರಾಗಿ ಹೊಡೆದು ಉದುರಿಸಿ, ಉಳಿದಿದ್ದಕ್ಕೆ ಸೋಪು ನೀರು, ಇರುವೆ ದಾರಿ ತಪ್ಪಿಸಿ. ಯೂರಿಯಾ ಹಾಕಿ ಚಿಗುರು ಮೆತ್ತಗೆ ಮಾಡಿದ ಗಿಡಕ್ಕೇ ಇದು ಜಾಸ್ತಿ ಬರೋದು.

ಗಿಡ ದಷ್ಟಪುಷ್ಟ, ಹೂ ಮಾತ್ರ ಇಲ್ಲ

ಮೊದಲು ಇದು ತಂಗಡಿನೇನಾ ನೋಡಿ. ನಂಗೆ ಒಂದು ನರ್ಸರಿಯಲ್ಲಿ ತಂಗಡಿ ಅಂತ ಕೊಟ್ಟ ಗಿಡ ಎರಡೇ ವರ್ಷಕ್ಕೆ ಮೊದಲನೇ ಮಹಡಿ ಮುಟ್ಟಿತ್ತು, ಬೇರೆ ಯಾವುದೋ ಕ್ಯಾಸಿಯಾ ಮರ. ಇದೇ ಸೆನ್ನಾ ಗುಂಪಿನ ಸೆನ್ನಾ ಸ್ಪೆಕ್ಟಾಬಿಲಿಸ್ ಅನ್ನೋ ಹೊರದೇಶದ ಮರ ಬಂಡೀಪುರ, ನಾಗರಹೊಳೆ ಕಾಡಲ್ಲಿ ಹಬ್ಬಿ ಅರಣ್ಯ ಇಲಾಖೆಗೆ ದೊಡ್ಡ ತಲೆನೋವಾಗಿದೆ, ಅಂಥದ್ದು ಗೊತ್ತಿಲ್ದೆ ಮನೆಗೆ ಬರೋದು ಬೇಡ. ಗುರುತು ಎಲ್ಲಿ ಅಂದ್ರೆ ಎಲೆದಿಂಡು ಕೊಂಬೆಗೆ ಸೇರೋ ಬುಡದಲ್ಲಿ, ಕಿವಿ ಆಕಾರದ ಅಗಲವಾದ ಎರಡು ಪುಟ್ಟ ಎಲೆ ಕೊಂಬೆಯನ್ನ ತಬ್ಬಿದ ಹಾಗೆ ಇರತ್ತೆ, ಆರಿಕ್ಯುಲೇಟಾ ಅನ್ನೋ ಹೆಸರು ಬಂದಿರೋದೇ ಆ ಕಿವಿಯಿಂದ. ಕಾಯಿ ಚಪ್ಪಟೆ, ಒಣಗಿದ್ರೆ ಕಾಗದದ ಹಾಗೆ ಸರಸರ ಅನ್ನತ್ತೆ, ದುಂಡಗೆ ಕೊಳವೆ ಹಾಗಿದ್ರೆ ಅದು ತಂಗಡಿ ಅಲ್ಲ.

ತಂಗಡಿನೇ ಹೌದು, ಎರಡು ವರ್ಷ ದಾಟಿದೆ, ಆದ್ರೂ ಹೂ ಇಲ್ಲ ಅಂದ್ರೆ ಬಿಸಿಲು ಲೆಕ್ಕ ಹಾಕಿ. ರಜೆ ದಿನ ಬೆಳಗ್ಗೆಯಿಂದ ಗಂಟೆಗೊಂದ್ಸಲ ನೋಡಿ ಬರ್ಕೊಳಿ, ನೇರ ಬಿಸಿಲು ಆರು ಗಂಟೆ ಬೀಳ್ತಿಲ್ಲ ಅಂದ್ರೆ ಕಾರಣ ಸಿಕ್ತು. ನಗರದಲ್ಲಿ ನೆಟ್ಟಾಗ ಬಿಸಿಲಿದ್ದ ಜಾಗಕ್ಕೆ ಪಕ್ಕದ ಸೈಟಲ್ಲಿ ಮೂರು ಮಹಡಿ ಎದ್ದಿರತ್ತೆ. ನೆರಳಲ್ಲಿರೋ ಗಿಡದ ಗೆಣ್ಣು ದೂರ ದೂರ, ಕೊಂಬೆ ಬೆಳಕಿನ ಕಡೆ ವಾಲಿರತ್ತೆ.

ಬಿಸಿಲಿದ್ದೂ ಎಲೆ ಕಡುಹಸಿರು, ದೊಡ್ಡದು, ಕೊಂಬೆ ಮೆತ್ತಗಿದ್ರೆ ಗೊಬ್ಬರ ಜಾಸ್ತಿ ಆಗಿದೆ. ಗುಲಾಬಿಗೆ ಹಾಕೋ ಹಾಗೆ ತಿಂಗಳಿಗೊಂದ್ಸಲ ಹಾಕ್ತಿದ್ರೆ ಒಂದು ವರ್ಷ ಪೂರ್ತಿ ನಿಲ್ಲಿಸಿ.

ಇನ್ನೊಂದು ಕಾರಣ ಕತ್ತರಿ. ಹೂ ಗೊಂಚಲು ಬರೋದು ಹೊಸ ಕೊಂಬೆಗಳ ತುದಿಯಲ್ಲಿ. ನಮ್ಮ ರಸ್ತೆಯ ಒಂದು ಮನೇಲಿ ಮಾಲಿ ತಿಂಗಳಿಗೊಂದ್ಸಲ ಬೇಲಿ ಹಾಗೆ ಚೌಕವಾಗಿ ಕತ್ತರಿಸ್ತಿದ್ರು, ಪ್ರತಿ ಸಲ ಮೊಗ್ಗು ಕೂರೋ ತುದಿಗಳೇ ಹೋಗ್ತಿತ್ತು, ನಾಲ್ಕು ವರ್ಷ ಆ ಮನೆಯೋರು ಹೂವೇ ನೋಡಿರ್ಲಿಲ್ಲ. ಕತ್ತರಿಸೋದು ನಿಲ್ಲಿಸಿದ ಮುಂದಿನ ಮಳೆಗಾಲದ ಕೊನೇಲಿ ಗಿಡ ತುಂಬ ಹೂ, ಆ ಮನೆ ಅಜ್ಜಿ ನನ್ನ ಕರೆದು ತೋರಿಸಿದ್ರು. ಒಂದು ದೊಡ್ಡ ಹೂವಿನ ಸುತ್ತು ಮುಗಿದ ಮೇಲೆ ವರ್ಷಕ್ಕೊಂದ್ಸಲ ಮೂರರಲ್ಲಿ ಒಂದು ಭಾಗ ಕತ್ತರಿಸಿದ್ರೆ ಸಾಕು.

ಹೂ ಇದೆ, ಕಾಯಿ ಕಟ್ತಿಲ್ಲ

ಟೆರೇಸ್ ಮೇಲೆ, ಪಾರಿವಾಳದ ಬಲೆ ಒಳಗೆ ಬೆಳೆಸೋರು ಹೇಳೋ ತೊಂದ್ರೆ ಇದು. ಒಂದು ಹೂ ಕಿತ್ತು ಹತ್ತಿರದಿಂದ ನೋಡಿ. ಸುಮಾರು ಎರಡು ಇಂಚು ಅಗಲ, ಐದು ಎಸಳು, ನಡುವೆ ಹತ್ತು ಕೇಸರ, ಅದರಲ್ಲಿ ಕೆಳಗಿನ ಮೂರು ಮಾತ್ರ ದೊಡ್ಡದಾಗಿ ಬಾಗಿ ಕೊಕ್ಕಿನ ಹಾಗಿರತ್ತೆ. ಕಾಯಾಗೋ ಹಸಿರು ಎಳೆ ಒಂದು ಹೂವಲ್ಲಿ ಎಡಕ್ಕೆ ಬಾಗಿದ್ರೆ ಇನ್ನೊಂದರಲ್ಲಿ ಬಲಕ್ಕೆ. ಇದರಲ್ಲಿ ಮಕರಂದ ಇಲ್ಲ, ಪರಾಗ ಒಂದೇ ಊಟ, ಆ ಪರಾಗವೂ ಕೇಸರದ ತುದಿಯ ಸೂಜಿಮೊನೆಯಷ್ಟು ತೂತಿನ ಒಳಗಿರತ್ತೆ, ಮೆಣಸಿನ ಡಬ್ಬಿ ಇದ್ದ ಹಾಗೆ, ಅಲ್ಲಾಡಿಸದೆ ಬೀಳಲ್ಲ. ಕರೀ ಬಡಗಿ ದುಂಬಿ ಬಂದು ಕೇಸರ ತಬ್ಕೊಂಡು ರೆಕ್ಕೆ ಸ್ನಾಯು ನಡುಗಿಸತ್ತೆ, ಝುಂಯ್ ಅಂತ ಹಾರೋವಾಗಿನದ್ದಕ್ಕಿಂತ ತೆಳು ಸದ್ದು ಬರತ್ತೆ, ಆ ನಡುಕಕ್ಕೆ ಪರಾಗ ಚಿಮ್ಮಿ ದುಂಬಿ ಹೊಟ್ಟೆಗೆ ಮೆತ್ಕೊಳತ್ತೆ, ಅಲ್ಲಿಂದ ಮುಂದಿನ ಹೂವಿಗೆ.

ಹಾಗಾಗಿ ಕಾಯಿಲ್ಲ ಅಂದ್ರೆ ಗೊಬ್ಬರ ಹುಡುಕ್ಬೇಡಿ, ದುಂಬಿ ಬರ್ತಿದೆಯಾ ನೋಡಿ. ಬೆಳಗ್ಗೆ ಎಂಟರಿಂದ ಹತ್ತರವರೆಗೂ ಎರಡು ದಿನ ಗಿಡದ ಹತ್ರ ಕೂತ್ರೆ ಗೊತ್ತಾಗತ್ತೆ. ಬರ್ತಿಲ್ಲ ಅಂದ್ರೆ ಬಲೆಯ ಒಂದು ಬದಿ ಬಿಚ್ಚಿ, ಪಕ್ಕದ ಗಿಡಗಳಿಗೆ ಹೊಡೀತಿರೋ ಕೀಟನಾಶಕ ನಿಲ್ಲಿಸಿ, ಒಣಗಿದ ಬಿದಿರು ಗಳವೋ ಹಳೇ ಮರದ ತೊಲೆಯೋ ಇದ್ರೆ ಒಂದು ಮೂಲೇಲಿ ಬಿಡಿ, ಬಡಗಿ ದುಂಬಿ ಗೂಡು ಕೊರೆಯೋದು ಅದರಲ್ಲೇ. ಅಲ್ಲಿವರೆಗೂ ಬೀಜ ಬೇಕೇ ಬೇಕು ಅಂದ್ರೆ ಬ್ಯಾಟರಿ ಟೂತ್‌ಬ್ರಷ್ ಆನ್ ಮಾಡಿ ಅದರ ಹಿಂಬದಿಯನ್ನ ಆ ಮೂರು ದೊಡ್ಡ ಕೇಸರಕ್ಕೆ ಎರಡು ಸೆಕೆಂಡ್ ತಾಗಿಸಿ, ಕೆಳಗೆ ಕಪ್ಪು ಕಾಗದ ಹಿಡಿದ್ರೆ ಹಳದಿ ಪುಡಿ ಉದುರೋದು ಕಾಣತ್ತೆ, ಅದನ್ನ ಸಣ್ಣ ಬ್ರಷ್‌ನಲ್ಲಿ ಎತ್ತಿ ಇನ್ನೊಂದು ಗಿಡದ ಹೂವಿನ ಹಸಿರು ಎಳೆ ತುದಿಗೆ ಮುಟ್ಟಿಸಿ. ಮಾಡಿದ ಹೂವಿಗೆ ಒಂದು ದಾರ ಕಟ್ಟಿ ಗುರುತಿಡಿ. ಕೂತಿದ್ರೆ ಎಸಳು ಉದುರಿದ ಮೇಲೆ ಆ ಹಸಿರು ಎಳೆ ಉದ್ದವಾಗಿ ಚಪ್ಪಟೆ ಆಗ್ತಾ ಬರತ್ತೆ, ಕೂತಿಲ್ಲ ಅಂದ್ರೆ ತೊಟ್ಟು ಸಮೇತ ಉದುರತ್ತೆ.